ಪ್ರೋಟೀನಿನ ಮೇಲಿನ ಸಕ್ಕರೆ: ತೂಕ ನೋಡಿದರಷ್ಟೇ ಸಾಲದು

ಸಕ್ಕರೆ ಎಂದೊಡನೆ ನಮಗೆ ಚಹಾ, ಮಧುಮೇಹ ನೆನಪಾಗುತ್ತವೆ. ಆದರೆ ನಮ್ಮ ದೇಹದ ಅನೇಕ ಪ್ರೋಟೀನುಗಳ ಮೇಲೂ ಸಕ್ಕರೆಯ ಅಣುಗಳು ಕವಲೊಡೆದ ಸರಪಳಿಗಳಾಗಿ ಅಂಟಿಕೊಂಡಿರುತ್ತವೆ. ಇವೇ ಗ್ಲೈಕಾನ್‌ಗಳು.

ಇವುಗಳ ರಚನೆ ತಿಳಿಯುವುದು ಏಕೆ ಮುಖ್ಯ? ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧವನ್ನೇ ನೋಡೋಣ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಇದರ ಮೊದಲ ಡೋಸ್‌ಗೇ ಹಲವರಿಗೆ ತೀವ್ರ ಅಲರ್ಜಿಯಾಗುತ್ತಿತ್ತು. 2008ರಲ್ಲಿ ಪ್ರಕಟವಾದ ಅಧ್ಯಯನ ಕಾರಣ ತೋರಿಸಿತು. ಔಷಧವನ್ನು ಇಲಿಯ ಜೀವಕೋಶಗಳಲ್ಲಿ ತಯಾರಿಸುವುದರಿಂದ, ಮನುಷ್ಯರ ದೇಹ ತಯಾರಿಸದ 'ಆಲ್ಫಾ-ಗ್ಯಾಲ್' ಎಂಬ ಸಕ್ಕರೆ ಅದರ ಮೇಲಿತ್ತು. ಅಲರ್ಜಿಯಾದ ಹೆಚ್ಚಿನವರ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಮೊದಲೇ ಇದ್ದವು.

ಇಂಥ ಸಕ್ಕರೆಯನ್ನು ಪತ್ತೆ ಹಚ್ಚುವುದು ಹೇಗೆ? ಮಾಸ್ ಸ್ಪೆಕ್ಟ್ರೋಮೀಟರ್ ಅಣುಗಳಿಗೆ ವಿದ್ಯುದಾವೇಶ ಕೊಟ್ಟು ಅವುಗಳ ತೂಕವನ್ನು ಅಳೆಯುತ್ತದೆ. ತೊಡಕು ಇರುವುದು ಇಲ್ಲೇ. ಗ್ಲೂಕೋಸ್, ಗ್ಯಾಲಕ್ಟೋಸ್, ಮ್ಯಾನೋಸ್ ಮೂರರ ತೂಕವೂ ಒಂದೇ. ಯಾವುದು ಸರಪಳಿಗೆ ಸೇರಿದರೂ ಹೆಚ್ಚುವುದು 162 ಡಾಲ್ಟನ್. ಹಾಗಾಗಿ ತೂಕವೊಂದನ್ನೇ ನೋಡಿ ಇದು ಆಲ್ಫಾ-ಗ್ಯಾಲ್ ಎಂದು ಹೇಳಲಾಗದು.

ಅದಕ್ಕೆ ಬೇರೆ ಉಪಾಯಗಳಿವೆ. ಯಂತ್ರದೊಳಗೇ ಅಣುವನ್ನು ಒಡೆದು ಚೂರುಗಳನ್ನು ಮತ್ತೆ ಅಳೆದರೆ, ಯಾವುದರ ಪಕ್ಕ ಯಾವುದಿತ್ತು ಎಂಬ ಸುಳಿವು ಸಿಗುತ್ತದೆ. ಇನ್ನು, ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಆಲ್ಫಾ ಬಂಧದಿಂದ ತುದಿಗೆ ಅಂಟಿದ ಗ್ಯಾಲಕ್ಟೋಸನ್ನು ಕತ್ತರಿಸುತ್ತದೆ. ಅದನ್ನು ಬೆರೆಸಿದ ಮೇಲೆ ತೂಕ 162ರಷ್ಟು ಇಳಿದರೆ, ಅಂಥ ಸಕ್ಕರೆ ಅಲ್ಲಿತ್ತೆಂದು ತಿಳಿಯುತ್ತದೆ.

ಆದ್ದರಿಂದ ಇಂಥ ಔಷಧಗಳನ್ನು ಪರೀಕ್ಷಿಸುವಾಗ ಪ್ರೋಟೀನಷ್ಟೇ ಅಲ್ಲ, ಅದರ ಮೇಲಿನ ಸಕ್ಕರೆ ಯಾವುದು, ಹೇಗೆ ಅಂಟಿದೆ ಎಂಬುದನ್ನೂ ನೋಡಲೇಬೇಕು.