ಹೊಗೆ ಎದೆಯಲ್ಲೇ ನಿಲ್ಲುವುದಿಲ್ಲ

ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಒಂದು ಬೆಳಿಗ್ಗೆ ತಮ್ಮ ಮೂತ್ರ ಕೆಂಪಾಗಿರುವುದನ್ನು ಕಂಡರು. ನೋವಿರಲಿಲ್ಲ, ಜ್ವರವಿರಲಿಲ್ಲ. ಉಷ್ಣವೆಂದು ಬಗೆದು ಎಳನೀರು, ಬಾರ್ಲಿ ನೀರು ಕುಡಿದರು. ಎರಡು ದಿನಗಳಲ್ಲಿ ಬಣ್ಣ ತಿಳಿಯಾಯಿತು. ಹೆಂಡತಿಗೂ ಹೇಳಲಿಲ್ಲ. ಎಂಟು ತಿಂಗಳ ಬಳಿಕ ಮತ್ತೆ ರಕ್ತ ಕಂಡಾಗಲೇ ಅವರು ವೈದ್ಯರ ಬಳಿಗೆ ಹೋದದ್ದು. ಮೂತ್ರಾಶಯದಲ್ಲಿ ಕ್ಯಾನ್ಸರ್ ಗಡ್ಡೆಯಿತ್ತು. ನಾನು ನೋಡಲು ಹೋದಾಗ ಅವರು ಕೇಳಿದರು: "ಫಾದರ್, ನಾನು ಸೇದಿದ ಬೀಡಿಯ ಹೊಗೆ ಹೋದದ್ದು ಎದೆಗೆ. ಹೊಟ್ಟೆಯ ಕೆಳಗೆ ರೋಗ ಬಂದದ್ದು ಹೇಗೆ?"

ಪ್ರಿಯ ಓದುಗರೇ, ಈ ಪ್ರಶ್ನೆ ನಮ್ಮಲ್ಲಿ ಅನೇಕರದು. ತಂಬಾಕು ಎಂದೊಡನೆ ನಮಗೆ ನೆನಪಾಗುವುದು ಬಾಯಿ, ಗಂಟಲು, ಶ್ವಾಸಕೋಶ. ಆದರೆ ಹೊಗೆಯ ವಿಷಗಳು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತವೆ. ಮೂತ್ರಪಿಂಡಗಳು ಆ ರಕ್ತವನ್ನು ಸೋಸಿ ಅವುಗಳನ್ನು ಮೂತ್ರದೊಳಗೆ ಬಿಡುತ್ತವೆ. ಮೂತ್ರವು ಗಂಟೆಗಟ್ಟಲೆ ಮೂತ್ರಾಶಯದಲ್ಲಿ ನಿಲ್ಲುತ್ತದೆ. ಅಷ್ಟು ಹೊತ್ತೂ ಅದರ ಒಳಪೊರೆ ಆ ವಿಷದಲ್ಲಿ ನೆನೆಯುತ್ತಿರುತ್ತದೆ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣ ತಯಾರಿಸುವ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಾಶಯದ ಗಡ್ಡೆಗಳನ್ನು ಕಂಡು ವರದಿ ಮಾಡಿದನು. ಅಂಥ ಕಾರ್ಮಿಕರ ರೋಗಕ್ಕೆ ಕಾರಣವೆಂದು ಮುಂದೆ ಪತ್ತೆಯಾದ ಬೀಟಾ-ನ್ಯಾಫ್ತೈಲಮೀನ್ ಎಂಬ ರಾಸಾಯನಿಕವು ತಂಬಾಕಿನ ಹೊಗೆಯಲ್ಲೂ ಇದೆ. ಆ ಬಡವರು ಕೂಲಿಗಾಗಿ ಸೇವಿಸಿದ ವಿಷವನ್ನು ನಾವು ಕಾಸು ಕೊಟ್ಟು ಸೇವಿಸುತ್ತಿದ್ದೇವೆ!

ಧೂಮಪಾನ ಮಾಡುವವರಿಗೆ ಈ ಕ್ಯಾನ್ಸರಿನ ಅಪಾಯ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಬಿಟ್ಟವರಲ್ಲಿ ಅದು ವರ್ಷಗಳು ಕಳೆದಂತೆ ಇಳಿಯುತ್ತದೆ. ಮೂತ್ರಪಿಂಡದ ಕ್ಯಾನ್ಸರಿಗೆ ಧೂಮಪಾನದ ಜೊತೆಗೆ ಬೊಜ್ಜು ಮತ್ತು ಅಧಿಕ ರಕ್ತದೊತ್ತಡವೂ ಹಾದಿ ಮಾಡಿಕೊಡುತ್ತವೆ. ಪ್ರಾಸ್ಟೇಟ್ ಗ್ರಂಥಿಯ ಮಾತು ಬೇರೆ; ಅಲ್ಲಿ ವಯಸ್ಸು ಮತ್ತು ವಂಶದ ಪಾತ್ರವೇ ದೊಡ್ಡದು. ವಿಟಮಿನ್ ಇ ಗುಳಿಗೆ ಅದನ್ನು ತಡೆದೀತೇ ಎಂದು ಅಮೆರಿಕದಲ್ಲಿ ದೊಡ್ಡದೊಂದು ಪರೀಕ್ಷೆ ನಡೆಯಿತು. ಗುಳಿಗೆ ನುಂಗಿದವರಲ್ಲೇ ಆ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಿತ್ತೆಂದು 2011ರಲ್ಲಿ ಪ್ರಕಟವಾಯಿತು. ಪುಡಿ, ಗುಳಿಗೆಗಳ ಜಾಹೀರಾತಿಗೆ ಮರುಳಾಗುವವರು ಇದನ್ನು ನೆನಪಿಡಬೇಕು.

ಮತ್ತೆ ಮತ್ತೆ ಮಾಡಿದ ಕ್ರಿಯೆಯೇ ಮನುಷ್ಯನ ಗುಣವಾಗಿ ನೆಲೆಯೂರುತ್ತದೆಂದು ಅರಿಸ್ಟಾಟಲ್ ಕಲಿಸಿದನು. ಸೇದುವುದಕ್ಕೆ ಹೇಗೋ, ಸೇದದಿರುವುದಕ್ಕೂ ಹಾಗೆಯೇ. ತಪಸ್ಸುಕಾಲದ ನಲವತ್ತು ದಿನ ಬೀಡಿ ಮುಟ್ಟದವರು ನಮ್ಮಲ್ಲಿ ಎಷ್ಟು ಮಂದಿ! ಪಾಸ್ಖ ಹಬ್ಬದ ಊಟ ಮುಗಿದೊಡನೆ ಅವರೇ ಮತ್ತೆ ಬೆಂಕಿಕಡ್ಡಿ ಗೀರುತ್ತಾರೆ. ತಂಬಾಕು ಬಿಟ್ಟವನಿಗೆ ಅತಿ ಕಠಿಣವಾದದ್ದು ಮೊದಲ ಕೆಲವು ವಾರಗಳು. ಅವುಗಳನ್ನು ದಾಟಿದವನು ಹಿಂದಿರುಗುವುದೇಕೆ?

ಹೀಗೆಂದ ಮಾತ್ರಕ್ಕೆ ರೋಗಿಯ ಮಂಚದ ಬಳಿ ನಿಂತು "ಸೇದಿದ್ದಕ್ಕೇ ಬಂತು" ಎನ್ನುವ ಹಕ್ಕು ಯಾರಿಗೂ ಇಲ್ಲ. ಅಪಾಯದ ಲೆಕ್ಕ ಸಮೂಹದ್ದು. ಒಬ್ಬ ವ್ಯಕ್ತಿಯ ಮೇಲೆ ತೀರ್ಪು ಕೊಡಲು ಅದು ಸಾಲದು. ಎಂದೂ ಸೇದದವರಿಗೂ ಈ ರೋಗ ಬರುತ್ತದೆ. ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ಕರಾವಳಿಯಲ್ಲಿ ಅನೇಕ. ಕಲ್ಲೆತ್ತುವ ಮುನ್ನ ನಾವು ಯೋಚಿಸಬೇಕು. ಆ ಹಿರಿಯರು ಎಂಟು ತಿಂಗಳು ಬಾಯಿ ಬಿಡದಿರಲು ನಾಚಿಕೆಯಷ್ಟೇ ಈ ಮಾತಿನ ಭಯವೂ ಕಾರಣವಾಗಿತ್ತು.

ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ, ನೋವಿಲ್ಲದಿದ್ದರೂ, ತಾನಾಗಿ ನಿಂತರೂ ವೈದ್ಯರಿಗೆ ತೋರಿಸಬೇಕು. ಹೆಂಗಸರಲ್ಲಿ ಇದನ್ನು ಸೋಂಕೆಂದೋ ಮುಟ್ಟಿನ ತೊಂದರೆಯೆಂದೋ ತಳ್ಳಿಹಾಕುವುದುಂಟು. ತಾಯಂದಿರು ಇದನ್ನು ಗಮನಿಸಬೇಕು. ಗಡ್ಡೆಯು ಒಳಪೊರೆಯಲ್ಲಷ್ಟೇ ಇರುವಾಗ ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ಅದನ್ನು ತೆಗೆಯಬಹುದು. ಆದರೆ ಅದು ಮರುಕಳಿಸುವುದು ಹೆಚ್ಚಾದ್ದರಿಂದ ವರ್ಷಗಟ್ಟಲೆ ತಪಾಸಣೆ ತಪ್ಪಿಸುವಂತಿಲ್ಲ.

ಇದನ್ನು ಬರೆಯಲು ಆ ಹಿರಿಯರೇ ಅನುಮತಿ ಕೊಟ್ಟರು; ಹೆಸರು ಮಾತ್ರ ಬೇಡವೆಂದರು. ಮುಂದಿನ ತಿಂಗಳು ಅವರ ತಪಾಸಣೆಯಿದೆ. ಈ ಬಾರಿ ಹೆಂಡತಿಯೂ ಜೊತೆಗೆ ಹೋಗುತ್ತಿದ್ದಾರೆ.