ಒಂದು ಅಂಕದ ಜಗಳ

ರೋಣದಲ್ಲಿ ಹುಟ್ಟಿ, ನರಗುಂದದಲ್ಲಿ ಓದಿ, ಗಜೇಂದ್ರಗಡದಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಬಿ.ಎ., ಬಿ.ಎಡ್. ವಿಜ್ಞಾನದ ಮಾತಿಗೆ ಇವಳಿಗೇನು ಅಧಿಕಾರ ಎನ್ನುವವರು ಇದ್ದಾರೆ. ಅನ್ನಲಿ. ವಿಜ್ಞಾನಕ್ಕೆ ಸೇರಿದರೆ ಪ್ರಾಕ್ಟಿಕಲ್ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗುತ್ತದೆಂದು ಅಪ್ಪ ನನ್ನನ್ನು ಬಿ.ಎ.ಗೆ ಹಾಕಿದರು. ಅಣ್ಣನಿಗೆ ಆ ಕತ್ತಲು ಅಡ್ಡಬರಲಿಲ್ಲ.

ಕಳೆದ ವರ್ಷ ಪಕ್ಕದ ಮನೆಯ ಹುಡುಗಿ, ಪಿಯುಸಿ ಮೊದಲ ವರ್ಷದವಳು, ಕಿರುಪರೀಕ್ಷೆಯ ಪೇಪರು ಹಿಡಿದು ಬಂದಳು. ಅವಳ ತಾಯಿ ಸುಗ್ಗಿಯಲ್ಲಿ ಉಳ್ಳಾಗಡ್ಡಿ ಕೊಯ್ಯುವ ಕೂಲಿಗೆ ಹೋಗುವವಳು. ಜೀವಕೋಶ ಒಡೆದು ಎರಡಾಗುವಾಗ ಅದರ ಕೇಂದ್ರದೊಳಗಿನ ನ್ಯೂಕ್ಲಿಯೋಲಸ್ ಏನಾಗುತ್ತದೆ ಎಂಬುದು ಪ್ರಶ್ನೆ. ಮಾಯವಾಗುತ್ತದೆ, ಕೊನೆಗೆ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದು ಗೈಡಿನ ಉತ್ತರ. ಇವಳು 'ಚದುರುತ್ತದೆ, ಆಮೇಲೆ ಕೂಡುತ್ತದೆ' ಎಂದು ಬರೆದಿದ್ದಳು. ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ.

"ಅಕ್ಕೋರ, ಮಾಯ ಆಗಿದ್ದು ಮತ್ತ ಎಲ್ಲಿಂದ ಬರತೈತ್ರಿ?" ಎಂದಳು. ಇದನ್ನೇ ಉಪನ್ಯಾಸಕರಿಗೆ ಕೇಳಿದರೆ, "ಇದ್ದಷ್ಟು ಬರಿ. ಹೆಣ್ಣುಡುಗಿಗೆ ಇಷ್ಟೊಂದು ವಾದ ಯಾಕ?" ಎಂದರಂತೆ.

ನನಗೆ ಸಿಟ್ಟು ಬಂತು. ಸಿಟ್ಟಿಗೆ ತಿಳಿವಳಿಕೆಯ ಆಸರೆ ಬೇಕಲ್ಲ! ಧಾರವಾಡದಲ್ಲಿ ಎಂ.ಎಸ್ಸಿ. ಓದುವ ತಂಗಿಯ ಮಗಳನ್ನು ಹಿಡಿದು ಕೂಡಿಸಿಕೊಂಡು, ತಿಂಗಳುಗಟ್ಟಲೆ ಓದಿಸಿ ಕೇಳಿದೆ.

ನಾವು ದೀಪಾವಳಿಗೆ ಅಡುಗೆಮನೆಗೆ ಸುಣ್ಣ ಹಚ್ಚುವುದನ್ನು ನೆನೆಯಿರಿ. ಒಲೆ ಆರಿಸುತ್ತೇವೆ. ಡಬ್ಬಿ, ಬೋಗುಣಿ ಪಡಸಾಲೆಗೆ ಹೋಗುತ್ತವೆ. ಆಗ ಬಂದ ಬೀಗರು ಒಳಗೆ ಇಣುಕಿ, ಈ ಮನೆಯ ಅಡುಗೆಮನೆ ಮಾಯವಾಗಿದೆ ಎಂದರೆ ಏನನ್ನೋಣ? ನ್ಯೂಕ್ಲಿಯೋಲಸ್ ಗೋಡೆಯಿಲ್ಲದ ಅಡುಗೆಮನೆ. ಪ್ರೋಟೀನು ಕಟ್ಟುವ ರೈಬೋಸೋಮುಗಳ ಭಾಗಗಳು ತಯಾರಾಗುವುದು ಅಲ್ಲಿ. ಕೋಶ ಒಡೆಯುವ ಹೊತ್ತಿಗೆ ಒಂದು ಕಿಣ್ವ ಅಲ್ಲಿಯ ಕೆಲಸಗಾರ ಪ್ರೋಟೀನುಗಳಿಗೆ ಫಾಸ್ಫೇಟಿನ ಚೀಟಿ ಅಂಟಿಸುತ್ತದೆ, ಕೆಲಸ ನಿಲ್ಲುತ್ತದೆ. ಆದರೆ ಒಲೆ ಇದ್ದಲ್ಲೇ ಇರುತ್ತದೆ. ವರ್ಣತಂತುವಿನ ಆ ಗೊತ್ತಾದ ಜಾಗದಲ್ಲಿ ಯುಬಿಎಫ್ ಎಂಬ ಪ್ರೋಟೀನು ಕದಲದೆ ಕುಳಿತಿರುತ್ತದೆ. ಉಳಿದ ಸಾಮಾನಿನಲ್ಲಿ ಬಹಳಷ್ಟು ವರ್ಣತಂತುಗಳ ಮೈಗೆ ಲೇಪದಂತೆ ಹತ್ತಿಕೊಂಡು ಎರಡೂ ಮರಿಕೋಶಗಳಿಗೆ ಹೋಗುತ್ತದೆ. ಅರ್ಧ ಬೆಂದ ಆರ್‌ಎನ್‌ಎ ಕೂಡ ಚೆಲ್ಲಿಹೋಗುವುದಿಲ್ಲ. ಒಡೆಯುವುದು ಮುಗಿಯುತ್ತಲೇ ಚೀಟಿ ಕಳಚುತ್ತವೆ, ಒಲೆ ಹೊತ್ತುತ್ತದೆ. ಸಾಮಾನು ಮೊದಲು ಸಣ್ಣ ಸಣ್ಣ ಹನಿಗಳಾಗಿ ಗುಂಪುಗೂಡಿ, ಆಮೇಲೆ ಒಲೆಯ ಸುತ್ತ ಸೇರುತ್ತದೆ. ಮನುಷ್ಯರಲ್ಲಿ ಇಂಥ ಜಾಗಗಳು 13, 14, 15, 21, 22ನೆಯ ಜೋಡಿ ವರ್ಣತಂತುಗಳಲ್ಲಿವೆ. ಆರಂಭದಲ್ಲಿ ಹಲವು ಸಣ್ಣ ನ್ಯೂಕ್ಲಿಯೋಲಸ್‌ಗಳು; ಸಾರಿನ ಮೇಲಿನ ಎಣ್ಣೆಹನಿಗಳ ಹಾಗೆ ಒಂದಕ್ಕೊಂದು ಕೂಡಿ ಕೆಲವೇ ಆಗುತ್ತವೆ.

ಅಂದರೆ ಹುಡುಗಿಯ ಉತ್ತರ ಬಹಳ ಮಟ್ಟಿಗೆ ಸರಿ, ಪೂರ್ತಿ ಅಲ್ಲ. ಒಲೆಯ ಮಾತು ಅವಳು ಬರೆದಿರಲಿಲ್ಲ.

ಆ ಜಾಗವನ್ನು ಗೋವಿನಜೋಳದಲ್ಲಿ ವಿವರವಾಗಿ ತೋರಿಸಿದವಳು ಒಬ್ಬ ಹೆಂಗಸು. ಅಮೆರಿಕೆಯ ಬಾರ್ಬರಾ ಮೆಕ್‌ಕ್ಲಿಂಟಾಕ್, 1934ರಲ್ಲಿ. 6ನೆಯ ವರ್ಣತಂತುವಿನ ಆ ಭಾಗ ತುಂಡಾಗಿ ಎರಡು ಕಡೆ ಸೇರಿಕೊಂಡಿದ್ದ ಗಿಡಗಳಲ್ಲಿ, ಎರಡೂ ತುಂಡು ತಮ್ಮದೇ ನ್ಯೂಕ್ಲಿಯೋಲಸ್ ಕಟ್ಟಿಕೊಂಡಿದ್ದನ್ನು ಆಕೆ ಕಂಡಳು. ಹೆಚ್ಚು ಓದಿದರೆ ಮಗಳಿಗೆ ಗಂಡು ಸಿಗಲಿಕ್ಕಿಲ್ಲವೆಂದು ಆಕೆಯ ತಾಯಿಗೂ ಅಂಜಿಕೆ ಇತ್ತು. ಬೇರೊಂದು ಶೋಧಕ್ಕೆ 1983ರಲ್ಲಿ ನೊಬೆಲ್ ಬಂದಾಗ ಆಕೆಗೆ 81 ವರ್ಷ.

ಇದು ತಿಳಿದು ನಮಗೇನು ಆಗಬೇಕಾಗಿದೆ ಎನ್ನುವಿರಾ? ಎರಡು ವರ್ಷದ ಹಿಂದೆ ನನ್ನ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟಿನಲ್ಲಿ ಕೀ-67 ಎಂಬ ಮಾತಿನ ಮುಂದೆ ಶೇಕಡಾ ಲೆಕ್ಕ. ಡಾಕ್ಟರು ಭಾವನನ್ನು ಹೊರಗೆ ಕರೆದು ಹೇಳಿದರು. ಗಂಟು ಯಾರದು, ಮಾತು ಯಾರಿಗೆ! ಅಕ್ಕ ಮನೆಗೆ ಬಂದು ಆ ಕಾಗದ ನನ್ನ ಮುಂದೆ ಇಟ್ಟು, "ಇದೇನ ಓದವ್ವಾ" ಎಂದಳು. ನನಗೂ ತಿಳಿಯಲಿಲ್ಲ.

ಈಗ ತಿಳಿದಿದೆ. ವರ್ಣತಂತುಗಳ ಮೈಮೇಲಿನ ಆ ಲೇಪ ಕಟ್ಟುವ ಪ್ರೋಟೀನೇ ಕೀ-67. ಬೇರೆ ಹೊತ್ತಿನಲ್ಲಿ ಅದರ ವಾಸ ನ್ಯೂಕ್ಲಿಯೋಲಸ್‌ನಲ್ಲಿ. ಒಡೆಯುವ ಹಾದಿಯಲ್ಲಿರುವ ಕೋಶಗಳಲ್ಲಿ ಅದು ಸಿಗುತ್ತದೆ, ಸುಮ್ಮನೆ ಮಲಗಿದ ಕೋಶಗಳಲ್ಲಿ ಸಿಗುವುದಿಲ್ಲ. ಗಂಟು ಎಷ್ಟು ಚುರುಕಾಗಿ ಬೆಳೆಯುತ್ತಿದೆ ಎಂದು ಅಂದಾಜು ಮಾಡಲು ಅದನ್ನು ಎಣಿಸುತ್ತಾರೆ. 1983ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಸಿಕ್ಕಿತು, ಅದಕ್ಕೇ ಆ ಹೆಸರು. ಹತ್ತು ನಿಮಿಷದಲ್ಲಿ ಅಕ್ಕನಿಗೆ ತಿಳಿಸಬಹುದಾಗಿದ್ದ ಸಂಗತಿ ಇದು. ನಾಲ್ಕನೆಯ ತರಗತಿ ಓದಿದ ನಮ್ಮಕ್ಕ ಸಂತೆಯ ಲೆಕ್ಕ ಬಾಯಲ್ಲೇ ಹಾಕುವವಳು. ಶೇಕಡಾ ಅವಳಿಗೆ ಕಷ್ಟವೇನಲ್ಲ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗದು ಎಂಬ ನೆಪವೂ ಬೇಡ. ಸಸ್ಯಶಾಸ್ತ್ರ ಬರೆದೇ ಬಿ.ಜಿ.ಎಲ್. ಸ್ವಾಮಿಯವರು 1978ರಲ್ಲಿ ಅಕಾಡೆಮಿ ಬಹುಮಾನ ಪಡೆದರು. 'ಮಾಯವಾಗುತ್ತದೆ' ಎನ್ನುವವರಿಗೆ ಕೊರತೆ ಇರುವುದು ಭಾಷೆಯದಲ್ಲ, ತಾಳ್ಮೆಯದು. ಅದೂ ಕೇಳುವವಳು ಹುಡುಗಿಯಾದರೆ.

ಉಪನ್ಯಾಸಕರ ಬಳಿ ಹೋದೆ. "ನೀವು ಬಿ.ಎ. ಅಲ್ರೀ?" ಎಂದರು. ಹೌದೆಂದು, ಬರೆದುಕೊಂಡು ಹೋಗಿದ್ದ ಎರಡು ಹಾಳೆ ಮುಂದಿಟ್ಟೆ. ಓದಿದರು, ಅಷ್ಟು ಒಳ್ಳೆಯತನ ಇತ್ತೆನ್ನಬೇಕು. ಪೇಪರು ತರಿಸಿ ಅರ್ಧ ಅಂಕ ಹಾಕಿದರು. ಅವಳು ಬಿಟ್ಟದ್ದು ಒಲೆಯೊಂದೇ ಅಲ್ಲವೇ, ನನಗೂ ಅದು ನ್ಯಾಯವೆಂದೇ ಕಂಡಿತು.

ಹುಡುಗಿ ನಮ್ಮ ಕಿಟಕಿಯಲ್ಲಿ ಗ್ಲಾಸಿನ ನೀರಿಗೆ ಉಳ್ಳಾಗಡ್ಡಿ ಕೂಡಿಸಿ, ಇಳಿದ ಬೇರಿನ ತುದಿ ನೋಡುತ್ತಿದ್ದಳು. ಸೂಕ್ಷ್ಮದರ್ಶಕದಲ್ಲಿ ತಾನೇ ನೋಡಬೇಕಂತೆ. ಅರ್ಧ ಅಂಕದ ಸುದ್ದಿ ಹೇಳಿದೆ.

"ಉಳಿದರ್ಧ ಗೈಡ್ ಬರದವ್ರಿಗೆ ಕೊಟ್ರೇನ್ರಿ, ಅಕ್ಕೋರ?" ಎಂದಳು.