ಓಡದೆ ನಿಂತ ಓಟಗಾರ

1908ರ ಜುಲೈ 23. ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣದಲ್ಲಿ ಒಲಿಂಪಿಕ್ಸ್‌ನ 400 ಮೀಟರ್ ಓಟದ ಫೈನಲ್. ಕಣದಲ್ಲಿದ್ದವರು ನಾಲ್ವರೇ: ಬ್ರಿಟನ್ನಿನ ವಿಂಡ್‌ಹ್ಯಾಮ್ ಹಾಲ್ಸ್‌ವೆಲ್, ಅಮೆರಿಕದ ಜಾನ್ ಕಾರ್ಪೆಂಟರ್, ವಿಲಿಯಂ ರಾಬಿನ್ಸ್ ಮತ್ತು ಜಾನ್ ಬ್ಯಾಕ್ಸ್‌ಟರ್ ಟೇಲರ್. ಒಬ್ಬೊಬ್ಬರಿಗೆ ಒಂದೊಂದು ಸಾಲೆಂದು ಗೆರೆ ಎಳೆದಿರಲಿಲ್ಲ. ಕೊನೆಯ ನೇರ ಹಾದಿಗೆ ಬಂದಾಗ ಕಾರ್ಪೆಂಟರ್ ಬೇಕೆಂದೇ ಹೊರಗಡೆಗೆ ಸರಿಯುತ್ತ ಹಾಲ್ಸ್‌ವೆಲ್‌ಗೆ ಅಡ್ಡ ಬಂದರೆಂದು ಬ್ರಿಟಿಷ್ ಅಧಿಕಾರಿಗಳು ಕೂಗೆಬ್ಬಿಸಿದರು. ಓಟ ಮುಗಿಯುವ ಮೊದಲೇ ಗುರಿಯಲ್ಲಿ ಕಟ್ಟಿದ್ದ ದಾರ ಹರಿಯಿತು, ಸ್ಪರ್ಧೆ ರದ್ದಾಯಿತು. ಕಾರ್ಪೆಂಟರ್ ಅನರ್ಹರು, ಉಳಿದ ಮೂವರು ಎರಡು ದಿನ ಬಿಟ್ಟು ಮತ್ತೆ ಓಡಬೇಕು ಎಂದು ತೀರ್ಪು ಬಂತು.

ಆ ದಿನ ರಾಬಿನ್ಸ್ ಬರಲಿಲ್ಲ, ಟೇಲರ್ ಕೂಡ ಬರಲಿಲ್ಲ. ತಮ್ಮ ಜೊತೆಗಾರನಿಗೆ ಅನ್ಯಾಯವಾಗಿದೆ ಎಂಬುದು ಇಬ್ಬರ ನಿಲುವು. ಹಾಲ್ಸ್‌ವೆಲ್ ಒಬ್ಬರೇ 50 ಸೆಕೆಂಡಿನಲ್ಲಿ ಓಡಿ ಚಿನ್ನ ಪಡೆದರು. ಆ ವರ್ಷದ 400 ಮೀಟರ್ ಪಟ್ಟಿಯಲ್ಲಿ ಬೆಳ್ಳಿ, ಕಂಚುಗಳ ಜಾಗ ಇಂದಿಗೂ ಖಾಲಿ.

ಟೇಲರ್ ಹೆಸರನ್ನು ಕ್ರೀಡಾ ಚರಿತ್ರೆ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ: ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕರಿಯ ಅಮೆರಿಕನ್. ಮಾತು ನಿಜ. ಆದರೆ ಆ ಒಂದು ಸಾಲಿನಲ್ಲಿ ಈ ಮನುಷ್ಯನನ್ನು ಹಿಡಿಸಲಾಗದು.

ಟೇಲರ್ ಹುಟ್ಟಿದ್ದು 1882ರ ನವೆಂಬರ್ 3ರಂದು, ವಾಷಿಂಗ್ಟನ್ನಿನಲ್ಲಿ. ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲೇ ಹುಟ್ಟಿ, ಅದರಿಂದ ಬಿಡುಗಡೆ ಕಂಡವರು. ಸಂಸಾರ ಫಿಲಡೆಲ್ಫಿಯಾಕ್ಕೆ ಬಂತು. ಹುಡುಗ ಅಲ್ಲಿನ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿದ. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ರೈಲು ಡಬ್ಬಿ ಇಡುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1896ರಲ್ಲಿ ಹೇಳಿಯಾಗಿತ್ತು. ಅದೇ ವರ್ಷ ಈ ವಿಶ್ವವಿದ್ಯಾಲಯ ಡು ಬೋಯ್ಸ್ ಎಂಬ ಕರಿಯ ವಿದ್ವಾಂಸರನ್ನು ಕರೆಸಿ, ನಗರದ ಕರಿಯರ ಬದುಕನ್ನು ಅಧ್ಯಯನ ಮಾಡಲು ನೇಮಿಸಿತ್ತು. ಅವರು ಮನೆಮನೆ ಸುತ್ತಿ ಬರೆದ ಗ್ರಂಥ 1899ರಲ್ಲಿ ಹೊರಬಂತು. ಪಾಠ ಹೇಳುವ ಹುದ್ದೆ ಮಾತ್ರ ಅವರಿಗೆ ಅಲ್ಲಿ ಸಿಗಲಿಲ್ಲ. ಟೇಲರ್ ಕಾಲಿಟ್ಟದ್ದು ಅಂಥ ಆವರಣಕ್ಕೆ.

ಓಟದ ಮಟ್ಟಿಗೆ ಆ ಆವರಣಕ್ಕೆ ಸಾಟಿಯಿರಲಿಲ್ಲ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ನಾರ್ಮನ್ ಪ್ರಿಚರ್ಡ್ ಎರಡು ಬೆಳ್ಳಿ ಗೆದ್ದದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು. ಆ ಎರಡೂ ಓಟಗಳಲ್ಲಿ ಅವರನ್ನು ಹಿಂದಿಕ್ಕಿದ ಟ್ಯೂಕ್ಸ್‌ಬರಿ ಮತ್ತು ಕ್ರೇನ್ಜ್‌ಲೈನ್ ಇಬ್ಬರೂ ಪೆನ್ಸಿಲ್ವೇನಿಯಾದವರೇ. ಅಲ್ಲಿ ಟೇಲರ್ 1904, 1907 ಮತ್ತು 1908ರಲ್ಲಿ ಅಂತರ ಕಾಲೇಜು 440 ಗಜದ ಓಟ ಗೆದ್ದರು. ಕಾಲೇಜಿನ ಹೊರಗೆ ನ್ಯೂಯಾರ್ಕಿನ ಐರಿಷ್ ಅಮೆರಿಕನ್ ಅಥ್ಲೆಟಿಕ್ ಕ್ಲಬ್ಬಿನ ಪರವಾಗಿ ಓಡುತ್ತಿದ್ದರು. ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದ ಐರಿಷ್ ಜನ ಕಟ್ಟಿಕೊಂಡ ಆ ಕ್ಲಬ್ಬಿನ ಲಾಂಛನ ರೆಕ್ಕೆ ಮೂಡಿದ ಒಂದು ಮುಷ್ಟಿ. ಯಹೂದಿಗಳಿಗೂ ಕರಿಯರಿಗೂ ಬಾಗಿಲು ತೆರೆದಿಟ್ಟ ಕ್ಲಬ್ ಅದು.

ಓದು ಮಾತ್ರ ಹಿಂದೆ ಬೀಳಲಿಲ್ಲ. ಮೊದಲು ವಾಣಿಜ್ಯ ವಿಭಾಗ ಸೇರಿದ್ದ ಟೇಲರ್ ಅದನ್ನು ಬಿಟ್ಟು ಪಶುವೈದ್ಯಕೀಯಕ್ಕೆ ಬಂದರು. 1908ರಲ್ಲಿ ಪಶುವೈದ್ಯರಾದರು. ಅದೇ ಬೇಸಿಗೆಯಲ್ಲಿ ಲಂಡನ್.

ಮತ್ತೆ ಜುಲೈ 25ಕ್ಕೆ ಬರೋಣ. 400 ಮೀಟರ್ ಮರು ಓಟಕ್ಕೆ ಟೇಲರ್ ಬಾರದೆ ಇದ್ದ ಅದೇ ದಿನ ಮೆಡ್ಲೆ ರಿಲೇಯ ಫೈನಲ್ ಕೂಡ ಇತ್ತು. ಹ್ಯಾಮಿಲ್ಟನ್ ಮತ್ತು ಕಾರ್ಟ್‌ಮೆಲ್ ತಲಾ 200 ಮೀಟರ್, ಟೇಲರ್ 400, ಮೆಲ್ ಶೆಪರ್ಡ್ 800. ಜರ್ಮನಿ, ಹಂಗೇರಿಗಳನ್ನು ಹಿಂದೆ ಹಾಕಿ ಅಮೆರಿಕ 3 ನಿಮಿಷ 29.4 ಸೆಕೆಂಡಿನಲ್ಲಿ ಗೆದ್ದಿತು. ಚರಿತ್ರೆ ನೆನಪಿಟ್ಟ ಚಿನ್ನ ಇದೇ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಓಡದೆ ಬಿಟ್ಟ ಓಟ. ಕಾರ್ಪೆಂಟರ್ ತಪ್ಪು ಮಾಡಿದರೋ ಇಲ್ಲವೋ, ಅದರ ವಾದ ಎರಡೂ ದೇಶಗಳ ಪತ್ರಿಕೆಗಳಲ್ಲಿ ಬಹಳ ಕಾಲ ನಡೆಯಿತು. ಅಮೆರಿಕ ತಂಡದ ಮುಖಂಡರೂ ತೀರ್ಪಿಗೆ ವಿರುದ್ಧವಾಗಿಯೇ ಇದ್ದರು, ನಿಜ. ಆದರೂ ಕಳೆದುಕೊಂಡದ್ದು ಮುಖಂಡರಲ್ಲ. ಟ್ರ್ಯಾಕಿಗೆ ಇಳಿದು ಓಡಿದ್ದರೆ ಟೇಲರ್‌ಗೆ ತಮ್ಮೊಬ್ಬರ ಹೆಸರಿನ ಪದಕವೊಂದು ದಕ್ಕುತ್ತಿತ್ತು. ಯಾವ ದೇಶದ ಹಲವು ರಾಜ್ಯಗಳಲ್ಲಿ ತಮ್ಮವರಿಗೆ ಬಿಳಿಯರ ರೈಲು ಡಬ್ಬಿ ಹತ್ತುವ ಹಕ್ಕಿರಲಿಲ್ಲವೋ, ಆ ದೇಶದ ಒಬ್ಬ ಬಿಳಿಯ ಜೊತೆಗಾರನಿಗಾಗಿ ಅದನ್ನು ಬಿಟ್ಟುಕೊಟ್ಟರು.

ಊರಿಗೆ ಮರಳಿ ತಿಂಗಳುಗಳು ಕಳೆಯುವಷ್ಟರಲ್ಲಿ ವಿಷಮಶೀತ ಜ್ವರ ಹಿಡಿಯಿತು, ನ್ಯುಮೋನಿಯಾ ಜೊತೆಗೂಡಿತು. ನದಿ ನೀರು ಕುಡಿಯುತ್ತಿದ್ದ ಫಿಲಡೆಲ್ಫಿಯಾದಲ್ಲಿ ಆಗ ಆ ಜ್ವರ ಹೊಸದಲ್ಲ, ಅದಕ್ಕೆ ನಾಟುವ ಔಷಧ ಬರಲು ಇನ್ನೂ 40 ವರ್ಷ ಇತ್ತು. 1908ರ ಡಿಸೆಂಬರ್ 2ರಂದು ಟೇಲರ್ ತೀರಿಕೊಂಡರು. ವಯಸ್ಸು 26. ಕಾಲಿಂಗ್‌ಡೇಲ್‌ನ ಈಡನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಕಲಿತ ಪಶುವೈದ್ಯಕ್ಕೆ ಅರ್ಧ ವರ್ಷದ ಆಯುಸ್ಸೂ ಸರಿಯಾಗಿ ಸಿಗಲಿಲ್ಲ. ಒಬ್ಬರೇ ಓಡಿ ಗೆದ್ದ ಹಾಲ್ಸ್‌ವೆಲ್ ಕೂಡ 1915ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಅಡಗಿದ್ದವನೊಬ್ಬನ ಗುಂಡಿಗೆ ಬಲಿಯಾದರು.

ನಾವು ಓಟಗಾರರನ್ನು ಗುರಿ ಮುಟ್ಟಿದ ಕ್ಷಣದಲ್ಲಿ ಮಾತ್ರ ನೋಡುತ್ತೇವೆ. ಅವರು ಏನು ಓದಿದರು, ಯಾರ ಜೊತೆ ನಿಂತರು, ಯಾವ ನೀರು ಕುಡಿದು ಕಾಯಿಲೆ ಬಿದ್ದರು ಎಂದು ಕೇಳುವುದು ಕಡಿಮೆ. ನಮ್ಮ ಜಿಲ್ಲೆಗಳಲ್ಲೂ ರಾಜ್ಯಕ್ಕೆ, ದೇಶಕ್ಕೆ ಓಡಿ, ಆಮೇಲೆ ಮರೆತುಹೋದವರಿದ್ದಾರೆ. ಅಂಥವರನ್ನು ಬಲ್ಲ ಓದುಗರು ದಯವಿಟ್ಟು ಬರೆದು ಕಳಿಸಿ. ಪದಕಗಳ ಪಟ್ಟಿ ಒಂದು ಪ್ಯಾರಾ ಸಾಕು, ಉಳಿದ ಪುಟಗಳಲ್ಲಿ ಅವರ ಬದುಕು ಇರಲಿ.